ಆಪ್ತಸಮಾಲೋಚನೆಯ ಮೇಜಿಗೆ ಒಂದು ಪುಟ್ಟ ಪ್ರಿಂಟರ್: ಕ್ಯಾನನ್ ಸೆಲ್ಫಿ ಸಿಪಿ1500

ದೇಶ ಬಿಟ್ಟು ಬಂದವರ ಕೈಯಲ್ಲಿ ಆಲ್ಬಮ್ ಇರುವುದು ಅಪರೂಪ. ಮದುವೆ, ಹುಟ್ಟಿದ ಮನೆ, ತೀರಿಹೋದ ತಾಯಿ ಎಲ್ಲ ಫೋನಿನಲ್ಲೇ. ಸಮಾಲೋಚಕರ ಎದುರು ಫೋನ್ ತೆರೆದರೆ ಬೆರಳು ಸರಸರ ಓಡುತ್ತದೆ, ಮಾತು ಯಾವ ಫೋಟೋದ ಮೇಲೂ ನಿಲ್ಲುವುದಿಲ್ಲ. ಅದೇ ಫೋಟೋ ಕಾಗದಕ್ಕೆ ಬಂದು ಮೇಜಿನ ಮೇಲೆ ಕೂತರೆ ಇಬ್ಬರ ಕಣ್ಣೂ ಅದರ ಮೇಲೆ. ಮುಖ ನೋಡುತ್ತ ನೋವು ಹೇಳಿಕೊಳ್ಳುವ ಮುಜುಗರ ತಪ್ಪುತ್ತದೆ. 1982ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫೋಟೋಥೆರಪಿ (ಫೋಟೋಗಳ ಮೂಲಕ ನಡೆಸುವ ಆಪ್ತಸಮಾಲೋಚನೆ) ಕೇಂದ್ರ ತೆರೆದ ಜೂಡಿ ವೈಸರ್ ವಿವರಿಸುವ ಐದು ವಿಧಾನಗಳಲ್ಲಿ ಕುಟುಂಬದ ಆಲ್ಬಮ್ಮೂ ಒಂದು. ಆ ಆಲ್ಬಮ್ಮನ್ನು ಫೋನಿನಿಂದ ಹೊರತರಲು ಈ ಯಂತ್ರ ಚೆನ್ನಾಗಿ ಒದಗುತ್ತದೆ.

100×148 ಮಿ.ಮೀ. ಕಾರ್ಡಿಗೆ ಸುಮಾರು 41 ಸೆಕೆಂಡ್ ಸಾಕು. ಕಾಗದ ನಾಲ್ಕು ಸಲ ಹಿಂದೆ ಮುಂದೆ ಓಡಾಡುತ್ತದೆ: ಮೊದಲು ಹಳದಿ, ಆಮೇಲೆ ಗುಲಾಬಿಗೆಂಪು, ನೀಲಿ, ಕೊನೆಗೆ ರಕ್ಷಣೆಯ ಪದರ. ಯಂತ್ರದ ಹಿಂದೆ ಗೇಣಗಲ ಜಾಗ ಬಿಡದಿದ್ದರೆ ಕಾಗದ ಗೋಡೆಗೆ ತಾಗಿ ಸಿಕ್ಕಿಕೊಳ್ಳುತ್ತದೆ. ನಡುವೆ ಕೈಯಿಂದ ಎಳೆಯಲೇಬಾರದು. ಮುದ್ರಿಸುವ ಮೈಗೆ ಬೆರಳು ತಾಗಿಸಬೇಡಿ, ಜಿಡ್ಡು ಕುಳಿತಲ್ಲಿ ಬಣ್ಣ ಹಿಡಿಯದು. ಅಂಚಿಲ್ಲದ ಮುದ್ರಣ ಬೇಡವೇ ಬೇಡ. ಗುಂಪು ಫೋಟೋದಲ್ಲಿ ತುದಿಗೆ ನಿಂತವರೇ ಕತ್ತರಿಸಿಹೋಗುತ್ತಾರೆ, ಎಷ್ಟೋ ಸಲ ಹೇಳಬೇಕಾದ ಮಾತು ಅವರ ಬಗ್ಗೆಯೇ ಆಗಿರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರವೂ ಈ ಅಳತೆಗೆ ಸಾಮಾನ್ಯವಾಗಿ ಸಾಕು. ಹತ್ತಾರು ಸಲ ಫಾರ್ವರ್ಡ್ ಆಗಿದ್ದರೆ ಮುಖ ಮಸುಕು.

ಮೊದಲ ಭೇಟಿಗೆ ಮೂರೋ ನಾಲ್ಕೋ ಫೋಟೋ ಸಾಕು. ಆರಿಸುವುದು ಬಂದವರೇ. ಯುದ್ಧ, ಹಿಂಸೆಯ ಚಿತ್ರವನ್ನು ನಾವಾಗಿ ಕೇಳಬಾರದು. "ಆ ದಿನ ಏನಾಯಿತು?" ಎಂದರೆ ವಲಸೆ ಅಧಿಕಾರಿಯ ವಿಚಾರಣೆಯಂತೆ ಕೇಳಿಸುತ್ತದೆ. "ಈ ಹೊಸ್ತಿಲ ಹತ್ತಿರ ಇರೋದು ಯಾರ ಚಪ್ಪಲಿ?" "ಫೋಟೋ ತೆಗೆದವರು ಎಲ್ಲಿ ನಿಂತಿದ್ದರು?" ಎಂದು ಕೇಳಿ ಸುಮ್ಮನಿರಿ. ದುಭಾಷಿಗೂ ಮೊದಲೇ ಹೇಳಿಡಿ: ಮೌನವನ್ನು ತುಂಬಿಸಬೇಡಿ.

ಖರ್ಚೇನೂ ಕಡಿಮೆಯಲ್ಲ. ಆರ್‌ಪಿ-108 ಪೊಟ್ಟಣದಲ್ಲಿ 108 ಹಾಳೆ, ಮೂರು ಇಂಕ್ ಕ್ಯಾಸೆಟ್. ಒಂದು ಕ್ಯಾಸೆಟ್ಟಿಗೆ 36 ಕಾರ್ಡ್, ಹಾಳಾದದ್ದೂ ಲೆಕ್ಕಕ್ಕೆ ಸೇರುತ್ತದೆ. ಬ್ಯಾಟರಿ ಬೇರೆಯೇ ಕೊಳ್ಳಬೇಕು.

ಗುಟ್ಟು ಕಾಯುವ ವಿಷಯದಲ್ಲಿ ಮಾತ್ರ ಎಚ್ಚರ. ಫೋಟೋವನ್ನು ನಿಮ್ಮ ಫೋನಿಗೆ ತರಿಸಿಕೊಳ್ಳದೆ ಅವರ ಫೋನಿನಿಂದಲೇ ವೈಫೈ ಮೂಲಕ ಮುದ್ರಿಸಿ. ಕ್ಯಾಸೆಟ್ಟಿನೊಳಗಿನ ಬಳಸಿದ ಬಣ್ಣದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಮುದ್ರಿಸಿದ ಪ್ರತಿ ಮುಖವೂ ಅದರಲ್ಲಿ ನೆಗೆಟಿವ್‌ನಂತೆ ಉಳಿದಿರುತ್ತದೆ. ಆಶ್ರಯ ಕೋರಿ ಬಂದವರಿಗೆ ಇದು ಜೀವದ ಪ್ರಶ್ನೆ. ಖಾಲಿ ಕ್ಯಾಸೆಟ್ಟನ್ನು ಹಾಗೇ ಕಸಕ್ಕೆ ಹಾಕದೆ, ರಿಬ್ಬನ್ ಪೂರ್ತಿ ಹೊರಗೆಳೆದು ಸಣ್ಣಸಣ್ಣ ತುಂಡು ಮಾಡಿ.