ಚಿತ್ರವಿರುವ ಗೋಡೆಗೆ ಸಿಮೆಂಟ್ ಹೊಡೆಸುವ ಮುಂಚೆ ಇದನ್ನು ಓದಿ

ನಮ್ಮೂರ ದೇವಸ್ಥಾನದ ಒಳಗೋಡೆಯಲ್ಲಿ ರಾಮಾಯಣದ ಚಿತ್ರಗಳಿದ್ದವು. ಸೀಬಿಯ ನರಸಿಂಹ ದೇವಸ್ಥಾನ, ಶ್ರವಣಬೆಳಗೊಳದ ಜೈನ ಮಠ ನೋಡಿದವರಿಗೆ ಎಂಥ ಚಿತ್ರ ಅಂತ ಗೊತ್ತಾಗುತ್ತದೆ. ಈಗ ಕೆಳಗಿನ ಸಾಲು ಪೂರ್ತಿ ಹೋಗಿದೆ. ಹಾಳು ಮಾಡಿದ್ದು ನಮ್ಮ ಸಮಿತಿಯೇ. ಅದರಲ್ಲಿ ನಾನೂ ಒಬ್ಬ.

ಮಳೆಗಾಲದಲ್ಲಿ ಗೋಡೆಯ ಬುಡ ಒದ್ದೆಯಾಗುತ್ತಿತ್ತು. ಕಂಟ್ರಾಕ್ಟರ್ ಒಬ್ಬರು ಬಂದು, "ಕೆಳಗೆ 3 ಅಡಿ ಸಿಮೆಂಟ್, ಚಿತ್ರಕ್ಕೆ ಒಂದು ಕೋಟ್ ವಾರ್ನಿಷ್. 20 ವರ್ಷ ಏನೂ ಆಗಲ್ಲ" ಅಂದರು. ಹೂಂ ಅಂದೆವು. ಜೀರ್ಣೋದ್ಧಾರ ಅಂದ್ರೆ ಎಲ್ಲ ಫಳಫಳ ಹೊಳೀಬೇಕು ಅನ್ನೋ ಹುಚ್ಚು ನಮಗೂ ಇತ್ತು ಅನ್ನಿ.

ಎರಡನೇ ಮಳೆಗಾಲಕ್ಕೆ ಸಿಮೆಂಟಿನ ಮೇಲ್ಗಡೆ, ಸರಿಯಾಗಿ ಹನುಮಂತನ ಕಾಲ ಹತ್ತಿರ, ಬಿಳಿ ಪುಡಿ ಕಾಣಿಸಿತು. ಬೂಷ್ಟು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಬಟ್ಟೆ ಹಸಿರಾಯಿತು, ಚಿತ್ರದ ಬಣ್ಣವೇ ಕಿತ್ತು ಬಂದಿತ್ತು. ಆ ಬಿಳಿ ಪುಡಿ ಬೂಷ್ಟಲ್ಲ, ಉಪ್ಪು. ನೆಲದಿಂದ ಉಪ್ಪು ಹೊತ್ತು ಏರುವ ನೀರು ಇಷ್ಟು ವರ್ಷ ಹಳೇ ಸುಣ್ಣದ ಗಾರೆಯಿಂದ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಇನ್ನೂ ಮೇಲೇರಿ ಚಿತ್ರದ ಹಿಂದಕ್ಕೆ ಬಂತು. ಅಲ್ಲಿ ವಾರ್ನಿಷ್ ಅಡ್ಡ. ಉಪ್ಪು ಒಳಗೇ ಹರಳುಗಟ್ಟಿ ಬಣ್ಣವನ್ನು ಹಪ್ಪಳದ ಥರ ಎಬ್ಬಿಸಿತು. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು.

ಅಷ್ಟಕ್ಕೂ ನೀರು ಬರುತ್ತಿದ್ದದ್ದು ಎಲ್ಲಿಂದ ಗೊತ್ತಾ? ಮಾಳಿಗೆಯ ಪೈಪ್ ಒಡೆದು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅಂಗಳದ ಕಲ್ಲು ಕಿತ್ತು ಕಾಂಕ್ರೀಟ್ ಹಾಕಿಸಿದ್ದೂ ನಾವೇ, ಅದೂ ಗೋಡೆ ಕಡೆಗೇ ಇಳಿಜಾರು!

ನಿಮ್ಮೂರಲ್ಲಿ ಇಂಥ ಗೋಡೆ ಇದ್ದರೆ ಮೊದಲು ನೀರಿನ ಮೂಲ ಹುಡುಕಿ, ಅದನ್ನು ಸರಿಮಾಡಿ. ಗೋಡೆ ತಾನಾಗೇ ಒಣಗಲಿ, ತಿಂಗಳುಗಟ್ಟಲೆ ಹಿಡಿದರೂ ಸರಿ. ಹೀಟರ್ ಇಡಬೇಡಿ, ಉಪ್ಪು ಒಮ್ಮೆಲೇ ಹರಳುಗಟ್ಟುತ್ತದೆ. ಚಿತ್ರಕ್ಕೆ ಕೈ ಹಚ್ಚುವ ಮುಂಚೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವೂ ಅದೇ ಊರಲ್ಲಿದೆ. ಯಾರೇ ಬರಲಿ, ಅಂಗೈ ಅಗಲ ಜಾಗದಲ್ಲಿ ಮಾಡಿ ತೋರಿಸದೆ ಇಡೀ ಗೋಡೆಗೆ ಇಳಿದರೆ ಅಲ್ಲೇ ನಿಲ್ಲಿಸಿ.

ನಮ್ಮಲ್ಲಿಗೆ ಕೊನೆಗೆ ಬಂದ ತಜ್ಞೆ ಮೊದಲು ಕೇಳಿದ್ದು, "ಉದುರಿದ ಚೂರುಗಳು ಎಲ್ಲಿ?" ಅಂತ. ಸಿಕ್ಕರೆ ಕೆಲವನ್ನಾದರೂ ವಾಪಸ್ ಕೂರಿಸಬಹುದಿತ್ತಂತೆ. ಅರ್ಚಕರು ನನ್ನ ಮುಖ ನೋಡಿದರು. ದಿನಾ ಬೆಳಗ್ಗೆ ಗುಡಿಸಿ ಬಾವಿ ಹಿಂದಿನ ತಿಪ್ಪೆಗೆ ಹಾಕುತ್ತಿದ್ದೆವು.