ಮೂರು ವರ್ಷ ಎಪೋಕ್ ಜೊತೆ: ಗದ್ದಲ ಗದ್ದಲ

ಎಪೋಕ್ ಅಂದರೆ ಪ್ಲಾಸ್ಮಾವನ್ನು (ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ) ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಪ್ರೋಗ್ರಾಂ. ವಾರ್ವಿಕ್ ವಿಶ್ವವಿದ್ಯಾಲಯದ ಪಿಕ್ ಕೋಡ್ (ಜಾಗವನ್ನು ಸೆಲ್ ಅನ್ನುವ ಸಣ್ಣ ಮನೆಗಳಾಗಿ ಕತ್ತರಿಸಿ, ಅದರಲ್ಲಿ ಕಣಗಳನ್ನು ಓಡಿಸುವ ಬಗೆ), ಫೋರ್ಟ್ರಾನ್‌ನಲ್ಲಿದೆ, ಪುಕ್ಕಟೆ. ನೇರ ನನ್ನ ಜಗಳಕ್ಕೆ ಬರುತ್ತೇನೆ.

ನನ್ನ ಹತ್ತಿರ ಇರುವುದು 8 ಕೋರಿನ ಹಳೇ ಲ್ಯಾಪ್‌ಟಾಪ್. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಇನ್‌ಪುಟ್ ಡೆಕ್ (ರನ್ನಿನ ಸೂಚನೆಗಳಿರುವ ಫೈಲು) ಇನ್ನೊಮ್ಮೆ ಓದಿ, ರನ್ ಹಚ್ಚಿ ಮಲಗುತ್ತೇನೆ. ಎಪೋಕ್ ಶುರುವಾದಾಗ ಅಕ್ಷರಗಳಲ್ಲೇ ಬಿಡಿಸಿದ ತನ್ನ ಹೆಸರು ತೋರಿಸಿ, ಫೋಲ್ಡರ್ ಯಾವುದು ಅಂತ ಕೇಳಿ ಸುಮ್ನೆ ಕೂರುತ್ತದೆ. ಮೊದಲ ಸಲ ಅದು ಗೊತ್ತಾಗದೆ ಮಲಗಿಬಿಟ್ಟೆ. ಬೆಳಗಿನವರೆಗೂ ಪಾಪ ಕಾಯುತ್ತಾ ಕೂತಿತ್ತು. ಈಗ ಫೋಲ್ಡರ್ ಹೆಸರು ತಾನೇ ಹೋಗಲಿ ಅಂತ ಕಮಾಂಡಿನ ಮುಂದೆ ಒಂದು ಎಕೋ ಸೇರಿಸುತ್ತೇನೆ. ಬೆಳಿಗ್ಗೆ ಮೊದಲು ಮೊಸರು ನೋಡುವುದು, ಆಮೇಲೆ ಎಪೋಕ್ ಬರೆದಿಟ್ಟ ಎಸ್‌ಡಿಎಫ್ ಫೈಲು. ಮೊಸರು ಕೈಕೊಟ್ಟಿದ್ದು ಕಡಿಮೆ.

ನನಗೆ ಬೇಕಿದ್ದದ್ದು ಎಲೆಕ್ಟ್ರಾನ್ ಬರ್ನ್‌ಸ್ಟೈನ್ ಅಲೆ, ಅಂದರೆ ಕಾಂತಕ್ಷೇತ್ರದ ಸುತ್ತ ಎಲೆಕ್ಟ್ರಾನುಗಳು ಸುತ್ತುವುದರಿಂದ ಬರುವ, ಕ್ಷೇತ್ರಕ್ಕೆ ಅಡ್ಡಲಾಗಿ ಸಾಗುವ ಅಲೆ. ಪ್ಲಾಸ್ಮಾ ತಣ್ಣಗಿದೆ ಅಂತ ಲೆಕ್ಕ ಹಾಕಿದರೆ ಈ ಅಲೆ ಇರುವುದೇ ಇಲ್ಲ. ಅದಕ್ಕೇ ಕಣಗಳನ್ನೇ ಓಡಿಸುವ ಪಿಕ್. 1 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಿಸಿ, ಘನ ಮೀಟರಿಗೆ 10¹⁹ ಎಲೆಕ್ಟ್ರಾನು ಅಂದರೆ ಡಿಬೈ ಉದ್ದ (ಒಂದು ಕಣದ ವಿದ್ಯುತ್ ಪ್ರಭಾವವನ್ನು ಸುತ್ತಲಿನ ಕಣಗಳು ಮರೆಮಾಡುವ ದೂರ) ಸುಮಾರು 0.07 ಮಿಲಿಮೀಟರ್. ಸೆಲ್ ಅದಕ್ಕಿಂತ ತೀರಾ ದೊಡ್ಡದಿರಬಾರದು. ಲ್ಯಾಪ್‌ಟಾಪಿಗೆ ಹೊರೆ ಜಾಸ್ತಿ ಅಂತ ನಾನು ಹತ್ತು ಪಟ್ಟು ಹಿಗ್ಗಿಸಿದೆ. ಬೆಳಿಗ್ಗೆ ನೋಡಿದರೆ ಪ್ಲಾಸ್ಮಾ ತಾನೇ ಕಾದುಬಿಟ್ಟಿತ್ತು, ಒಲೆ ಹಚ್ಚದೆ ಹಾಲು ಉಕ್ಕಿದ ಹಾಗೆ.

ಸೆಲ್ ಸರಿ ಮಾಡಿದರೆ ಗದ್ದಲದ ಕಾಟ. ವಿದ್ಯುತ್ ಕ್ಷೇತ್ರವೆಲ್ಲ ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಥರ. ಗದ್ದಲ ಅರ್ಧ ಆಗಬೇಕಾದರೆ ಕಣಗಳು ನಾಲ್ಕು ಪಟ್ಟು ಬೇಕು. ಅಂದರೆ ಒಂದು ರಾತ್ರಿಯ ರನ್ನಿಗೆ ನಾಲ್ಕು ರಾತ್ರಿ. ಎರಡು ವರ್ಷ ಬೈದುಕೊಂಡೇ ಇದ್ದೆ.

ಆಮೇಲೆ ಒಂದು ದಿನ ಡೆಕ್ಕಿನಲ್ಲಿ ಅಲೆ ಎಬ್ಬಿಸುವ ಲೇಸರ್ ಬ್ಲಾಕಿಗೆ ಹ್ಯಾಷ್ ಹಾಕಿದ್ದು (ಹ್ಯಾಷ್ ಹಾಕಿದ್ದನ್ನು ಎಪೋಕ್ ಓದುವುದಿಲ್ಲ) ಮರೆತು ಹಾಗೇ ಓಡಿಸಿದೆ. (ಮೈಕ್ರೋವೇವ್ ಬಿಟ್ಟರೂ ಎಪೋಕ್ ಡೆಕ್ಕಿನಲ್ಲಿ ಅದು ಲೇಸರೇ.) ಅಲೆ ಎಬ್ಬಿಸುವವರೇ ಇಲ್ಲ, ಬರೀ ಗದ್ದಲ. ಬಿಸಾಡುವ ಮುಂಚೆ ಇರಲಿ ಅಂತ ಜಾಗ, ಕಾಲ ಎರಡರಲ್ಲೂ ಫೂರಿಯೇ (ಯಾವ ಯಾವ ಅಲೆ ಬೆರೆತಿದೆ ಅಂತ ಬಿಡಿಸುವ ಲೆಕ್ಕ) ತೆಗೆದೆ. 28, 56, 84 ಗಿಗಾಹರ್ಟ್ಸ್‌ಗಳ ನಡುನಡುವೆ ಬಾಗಿದ ಗೆರೆಗಳು ಹೊಳೆಯುತ್ತಿದ್ದವು! ನಾನಿಟ್ಟಿದ್ದು 1 ಟೆಸ್ಲಾ ಕಾಂತಕ್ಷೇತ್ರ, ಅದರಲ್ಲಿ ಎಲೆಕ್ಟ್ರಾನು ಸುತ್ತುವ ಆವರ್ತನದ ಪಟ್ಟುಗಳು, ಅಂದರೆ ಸೈಕ್ಲೋಟ್ರಾನ್ ಹಾರ್ಮೋನಿಕ್‌ಗಳು, ಅವೇ ಅಲ್ವಾ. 1958ರ ಬರ್ನ್‌ಸ್ಟೈನ್ ಸೂತ್ರದ ಗೆರೆ ಮೇಲೆ ಎಳೆದೆ, ಕೂತುಕೊಂಡಿತು. ಕಣಗಳ ಅಡ್ಡಾದಿಡ್ಡಿ ಓಡಾಟವೇ ಎಲ್ಲ ಅಲೆಗಳನ್ನೂ ಮೀಟಿತ್ತು. ಪ್ಲಾಸ್ಮಾ ತನಗೆ ಒಗ್ಗುವುದನ್ನಷ್ಟೇ ಉಳಿಸಿಕೊಂಡಿತ್ತು.

5ಕ್ಕೆ 4 ಕೊಡುತ್ತೇನೆ, ಅದೂ 1ಡಿಗೆ (ಜಾಗದ ಒಂದೇ ದಿಕ್ಕಿನ ಲೆಕ್ಕ) ಮಾತ್ರ. 2ಡಿ ಬೇಕಾದವರು ಕ್ಲಸ್ಟರ್ ಹುಡುಕಿಕೊಳ್ಳಿ, ನನ್ನ ಲ್ಯಾಪ್‌ಟಾಪಿನ ಫ್ಯಾನು ಒಮ್ಮೆ ಅದಕ್ಕೇ ಸುಟ್ಟಿತು. ಲೇಸರ್ ಬ್ಲಾಕಿನ ಹ್ಯಾಷ್ ಇನ್ನೂ ತೆಗೆದಿಲ್ಲ.