ಫೋನ್ ಕೊಡುವ ಉತ್ತರ, ನಾನೇ ಬರೆದಿಟ್ಟ ಉತ್ತರ: ಶಾಲಾ ವ್ಯಾನಿನ ಒಂದು ಮಳೆಗಾಲ

ಮಂಗಳೂರಿನ ಕಾವೂರಿನಿಂದ ಹೊರಟು ಬೋಂದೇಲ್, ಪದವಿನಂಗಡಿ, ಮೇರಿಹಿಲ್‌ನಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಕೆಪಿಟಿ ಜಂಕ್ಷನ್ ದಾಟಿ ಬೆಂದೂರಿಗೆ ಹೋಗುವ ವ್ಯಾನ್ ನನ್ನದು. ಜೂನ್ ಹಿಡಿಯಿತು ಅಂದರೆ ಬೆಳಿಗ್ಗೆ ಆರು ಗಂಟೆಗೆಲ್ಲ ಫೋನಿಗೆ ಒಂದೇ ಪ್ರಶ್ನೆ: "ಅಣ್ಣ, ಇವತ್ತು ಶಾಲೆ ಉಂಟಾ?"

ಇದನ್ನೇ ಇಂಗ್ಲಿಷಿನಲ್ಲಿ ಕೇಳಿದರೆ ಫೋನ್ ಕೆಳಗಡೆ ಉತ್ತರ ತೋರಿಸುತ್ತದೆ: ಯೆಸ್, ನೋ, ಐ ಡೋಂಟ್ ನೋ. ಕನ್ನಡ ಲಿಪಿಯಲ್ಲಿ ಕೇಳಿದರೆ ನನ್ನ ಫೋನಿನಲ್ಲಿ ಏನೂ ಬರುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವ ಪೋಷಕರಿಗೆ ಮಾತ್ರ ಈ ಸಿದ್ಧ ಉತ್ತರಗಳ ಅಪಾಯ.

ಅಪಾಯ ಅಂತ ಸುಮ್ಮನೆ ಹೇಳುವುದಲ್ಲ. ಕಳೆದ ಜುಲೈಯಲ್ಲಿ ಜಡಿಮಳೆಯ ಒಂದು ದಿನ, ಒಬ್ಬ ತಾಯಿ ಕಳಿಸಿದ ಪ್ರಶ್ನೆಯ ನೋಟಿಫಿಕೇಶನ್ ಅನ್ನು ಒದ್ದೆ ಹೆಬ್ಬೆರಳಿನಲ್ಲಿ ಸರಿಸಲು ಹೋಗಿ "ಯೆಸ್" ಒತ್ತಿಬಿಟ್ಟೆ. ಮೆಸೇಜ್ ಹೋಯಿತು, ನನಗೆ ಗೊತ್ತಾಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶ ಬಂತು, ಗ್ರೂಪಿಗೆ ಹಾಕಿದೆ. ಆ ತಾಯಿ ನರ್ಸ್. ನನ್ನ "ಯೆಸ್" ನೋಡಿದ ಮೇಲೆ ಗ್ರೂಪ್ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ, ಮಗಳನ್ನು ಪದವಿನಂಗಡಿಯಲ್ಲಿ ನಿಲ್ಲಿಸಿ ಡ್ಯೂಟಿಗೆ ಹೋದರು. ಮೂರನೇ ಕ್ಲಾಸಿನ ಹುಡುಗಿ ಮುಚ್ಚಿದ ಅಂಗಡಿಯ ಶಟರ್‌ಗೆ ಒರಗಿಕೊಂಡು, ಬ್ಯಾಗಿನ ಮೇಲೆ ರೇನ್‌ಕೋಟ್ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತಿದ್ದಳು. ಪಕ್ಕದ ಹೋಟೆಲಿನವರು ಫೋನ್ ಮಾಡಿದ ಮೇಲೆ ಹೋಗಿ ಮನೆಗೆ ಕರೆದುಕೊಂಡು ಬಂದೆ. ಶೂ ಬಿಚ್ಚಿದಾಗ ಒಳಗಿಂದ ನೀರು ಸುರಿಯಿತು.

ಅವತ್ತಿನಿಂದ ಮಳೆಗಾಲ ಮುಗಿಯುವವರೆಗೆ ಒಂದೊಂದೇ ದಾರಿ ಪ್ರಯತ್ನಿಸಿದೆ.

ಮೊದಲು ಮಾಡಿದ್ದು ಈ ಸಿದ್ಧ ಉತ್ತರಗಳನ್ನು ಗೂಗಲ್ ಮೆಸೇಜಸ್ ಆ್ಯಪಿನಲ್ಲೇ ಬಂದ್ ಮಾಡುವುದು. ಮೇಲಿನ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್, ಅದರಲ್ಲಿ ಸಜೆಶನ್ಸ್, ಅಲ್ಲಿ ಸ್ಮಾರ್ಟ್ ರಿಪ್ಲೈ ಆಫ್. ಒಂದು ನಿಮಿಷದ ಕೆಲಸ. ಆದರೆ ಇದು ಆ ಆ್ಯಪಿನ ಎಸ್‌ಎಂಎಸ್‌ಗೆ ಮಾತ್ರ. ನನ್ನ ಪೋಷಕರಲ್ಲಿ ಹೆಚ್ಚಿನವರು ವಾಟ್ಸಾಪಿನಲ್ಲಿ, ಅಜ್ಜ ಅಜ್ಜಿಯರು ಮಾತ್ರ ಎಸ್‌ಎಂಎಸ್‌ನಲ್ಲಿ. ವಾಟ್ಸಾಪ್ ನೋಟಿಫಿಕೇಶನಿನ ಕೆಳಗೆ ಉತ್ತರಗಳು ಮೊದಲಿನಂತೆಯೇ ಬರುತ್ತಿದ್ದವು. ಅವು ಬರುವುದು ಆಂಡ್ರಾಯ್ಡಿನಿಂದಲೇ. 2019ರ ಆಂಡ್ರಾಯ್ಡ್ 10ರಿಂದ ಬೇರೆ ಬೇರೆ ಮೆಸೇಜ್ ಆ್ಯಪ್‌ಗಳ ನೋಟಿಫಿಕೇಶನಿಗೂ ಈ ಸೌಲಭ್ಯ ಬಂದಿದೆ.

ಆದ್ದರಿಂದ ಎರಡನೆಯದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಒಳಗೆ ಹೋಗಿ ಆಫ್ ಮಾಡುವುದು. ಕೆಲವು ಫೋನಿನಲ್ಲಿ ಇದರ ಹೆಸರು "ಎನ್‌ಹಾನ್ಸ್ಡ್ ನೋಟಿಫಿಕೇಶನ್ಸ್", ಕೆಲವದರಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ "ಸಜೆಸ್ಟ್ ಆ್ಯಕ್ಷನ್ಸ್ ಆ್ಯಂಡ್ ರಿಪ್ಲೈಸ್" ಅಂತ ಉಂಟು. ಇದರಿಂದ ಪೂರ್ತಿ ನಿಂತಿತು. ಜೊತೆಗೆ ಒಂದು ನಷ್ಟವೂ ಆಯಿತು: ಯಾರಾದರೂ ವಿಳಾಸ ಕಳಿಸಿದರೆ ನೋಟಿಫಿಕೇಶನಿನಿಂದಲೇ ಮ್ಯಾಪ್ ತೆರೆಯುವ ಬಟನ್ ಹೋಯಿತು. ಹೊಸ ಮನೆ ಹುಡುಕುವಾಗ ಅದು ನನಗೆ ಬೇಕಿತ್ತು. ಆದರೂ ಆನ್ ಮಾಡಲಿಲ್ಲ.

ಭಾವನ ಹತ್ತಿರ ಐಫೋನ್ ಉಂಟು, ಅವರೂ ವ್ಯಾನ್ ಓಡಿಸುತ್ತಾರೆ. ಅದರ ಡ್ರೈವಿಂಗ್ ಫೋಕಸ್ ಎರಡು ವಾರ ನೋಡಿದೆವು. ಗಾಡಿ ಓಡುವಾಗ ಮೆಸೇಜ್ ಬಂದರೆ ನಾವು ಬರೆದಿಟ್ಟ ವಾಕ್ಯ ತಾನಾಗಿ ಹೋಗುತ್ತದೆ, ಕನ್ನಡದಲ್ಲೂ ಬರೆದಿಡಬಹುದು. "ಗಾಡಿ ಓಡಿಸುತ್ತಿದ್ದೇನೆ, ನಿಲ್ಲಿಸಿದ ಮೇಲೆ ಹೇಳುತ್ತೇನೆ" ಅಂತ ಇಟ್ಟೆವು. ಇದು ನನಗೆ ನಿಜವಾಗಿ ಮೆಚ್ಚುಗೆಯಾಯಿತು, ಯಾಕೆಂದರೆ ಅದು ಪ್ರಶ್ನೆಗೆ ಉತ್ತರ ಊಹಿಸುವುದಿಲ್ಲ, ಡ್ರೈವರ್ ಎಲ್ಲಿದ್ದಾನೆ ಅಂತ ಮಾತ್ರ ಹೇಳುತ್ತದೆ. ಕೊರತೆ ಏನೆಂದರೆ ವಾಟ್ಸಾಪಿಗೆ ಇದು ಹೋಗುವುದಿಲ್ಲ.

ನಾನು ಕೊನೆಗೆ ಹಿಡಿದದ್ದು ಗೂಗಲ್‌ನ ಜಿಬೋರ್ಡ್ ಕೀಬೋರ್ಡಿನ ಕ್ಲಿಪ್‌ಬೋರ್ಡ್, ಅಂದರೆ ಕಾಪಿ ಮಾಡಿದ್ದು ಉಳಿಯುವ ಜಾಗ. ಬೇಕಾದ ವಾಕ್ಯ ಒಮ್ಮೆ ಬರೆದು, ಕಾಪಿ ಮಾಡಿ, ಕ್ಲಿಪ್‌ಬೋರ್ಡಿನಲ್ಲಿ ಒತ್ತಿ ಹಿಡಿದು ಪಿನ್ ಮಾಡಬೇಕು. ಪಿನ್ ಮಾಡದಿದ್ದರೆ ಒಂದು ಗಂಟೆಯಲ್ಲಿ ಅಳಿಸಿಹೋಗುತ್ತದೆ. ಮೊದಲ ದಿನ ಹಾಗೇ ಕಳೆದುಕೊಂಡೆ. ಇದರಲ್ಲಿ ಒತ್ತಿದ ಕೂಡಲೇ ಮೆಸೇಜ್ ಹೋಗುವುದಿಲ್ಲ. ವಾಕ್ಯ ಬಾಕ್ಸಿಗೆ ಬಂದು ಕೂರುತ್ತದೆ, ಕಣ್ಣಾಡಿಸಿ, ತಿದ್ದಿ, ಆಮೇಲೆ ಕಳಿಸುವ ಬಟನ್ ಒತ್ತಬೇಕು. ಆ ಒಂದು ಒತ್ತು ಹೆಚ್ಚು ಇದ್ದಿದ್ದರೆ ಜುಲೈಯಲ್ಲಿ ಆ ಮಗು ನೆನೆಯುತ್ತಿರಲಿಲ್ಲ.

ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈಸ್ ಕೂಡ ಹೀಗೇ. ಓರೆಗೆರೆ (/) ಟೈಪ್ ಮಾಡಿದರೆ ಬರೆದಿಟ್ಟದ್ದು ಬರುತ್ತದೆ, 50ರವರೆಗೆ ಇಡಬಹುದು. ನೂರಾರು ಗಿರಾಕಿಗಳಿರುವವರಿಗೆ ಅದು ಒಳ್ಳೆಯದು. ಹದಿನಾಲ್ಕು ಮಕ್ಕಳ ವ್ಯಾನಿಗೆ ನಂಬರನ್ನೇ ಇನ್ನೊಂದು ಆ್ಯಪಿಗೆ ಸಾಗಿಸುವಷ್ಟು ಕೆಲಸ ನನಗಿಲ್ಲ.

ಇನ್ನೊಂದು ಕಾರಣಕ್ಕೂ ನನಗೆ ಸ್ವಂತ ವಾಕ್ಯವೇ ಬೇಕು. ನಮ್ಮಲ್ಲಿ ರಜೆ ಅಂದರೆ ಯೆಸ್ ನೋ ಅಲ್ಲ. ಒಮ್ಮೆ ಇಡೀ ಜಿಲ್ಲೆಗೆ, ಒಮ್ಮೆ ಕೆಲವು ತಾಲೂಕಿಗೆ. ಒಮ್ಮೆ ಅಂಗನವಾಡಿಯಿಂದ ಹೈಸ್ಕೂಲಿನವರೆಗೆ, ಒಮ್ಮೆ ಪಿಯುಸಿಯವರೆಗೆ. ಒಂದೇ ಮನೆಯಲ್ಲಿ ತಂಗಿಗೆ ರಜೆ, ಅಕ್ಕನಿಗೆ ಕಾಲೇಜು. ಹಾಗಾಗಿ ನಾನು ಪಿನ್ ಮಾಡಿದ್ದು ಮೂರು: "ಇನ್ನೂ ಆದೇಶ ಬಂದಿಲ್ಲ, ಮಗುವನ್ನು ಹೊರಗೆ ಕಳಿಸಬೇಡಿ." "ರಜೆ ಉಂಟು, ವ್ಯಾನ್ ಬರುವುದಿಲ್ಲ." "ಶಾಲೆ ಉಂಟು, ನಾನು ಹೊರಟಿದ್ದೇನೆ." ಮೂರರಲ್ಲಿ ಯಾವುದೇ ಆದರೂ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಹೋಗಬೇಕು.

ಆ ನರ್ಸ್ ಅಕ್ಕನಿಗೆ ಮಾತ್ರ ನಾನು ಮೆಸೇಜ್ ಕಳಿಸುವುದಿಲ್ಲ. ಆರೂಕಾಲಿಗೆ ಫೋನ್ ಮಾಡುತ್ತೇನೆ. ಒಮ್ಮೊಮ್ಮೆ ಹುಡುಗಿಯೇ ಎತ್ತಿ, "ಅಂಕಲ್, ರಜೆಯಾ?" ಅಂತ ಕೇಳುತ್ತಾಳೆ.